ಹೇಮಕ್ಕನ ಕನ್ನಡಕ ಹಾಕಿಕೊಂಡ ಮಸರತ್

ಸಂತೇಬೆನ್ನೂರಿನ ಮಸರತ್‌ಗೆ ಹೊಟ್ಟೆಯುರಿ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೆ ತಾಗಿದ ಮೇಲೆ ಎಳೆ ಯಾವುದು, ಗಂಟು ಯಾವುದು ಎಂದೇ ತಿಳಿಯದಾಯಿತು. ಲೇಸರ್ ಮಾಡಿಸಿದರೂ ಮಸುಕು ಉಳಿಯಿತು. ಪಕ್ಕದ ಮನೆಯ ಹೇಮಾವತಿಯೂ ಕುಚ್ಚು ಕಟ್ಟುವವಳೇ; ಅವಳಿಗೂ ಅದೇ ಕಾಯಿಲೆ, ಅದೇ ಮಸುಕು. ಹಾಗಿದ್ದೂ ಮದುವೆ ಸೀರೆಗಳೆಲ್ಲ ಈಗ ಹೇಮಾವತಿಯ ಮನೆಗೇ ಹೋಗುತ್ತಿದ್ದವು! ಅವಳೊಬ್ಬಳಿಗೇ ಯಾರೋ ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ, ನನಗೆ ಮುಚ್ಚಿಟ್ಟಿದ್ದಾಳೆ ಎಂದು ಮಸರತ್ ಒಳಗೊಳಗೇ ಕುದಿದಳು.

ಒಂದು ದಿನ ನೋಡಿಯೇ ಬಿಡೋಣವೆಂದು ಹೋದಳು. ಹೇಮಾವತಿ ಚಹಾ ತರಲು ಒಳಗೆ ಹೋದದ್ದೇ ತಡ, ಅಲ್ಲಿದ್ದ ದಪ್ಪ ಕನ್ನಡಕವನ್ನು ಮೂಗಿಗೇರಿಸಿದಳು. ಎದುರಿನ ಗೋಡೆ ತೇಲಿತು, ತಲೆ ತಿರುಗಿತು.

"ಅದು ನನ್ನ ಕಣ್ಣಿಗೆ ಅಂತ ಅಳೆದು ಕೊಟ್ಟಿದ್ದು ಕಣೇ," ಎಂದು ಬಾಗಿಲಲ್ಲಿ ಹೇಮಾವತಿ ನಕ್ಕಳು.

ಮಸರತ್‌ಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. "ನಿಮ್ ಕಣ್ಣು ಹೆಂಗೆ ವಾಸಿ ಆತು ಹೇಮಕ್ಕ? ನನಗೊಂದು ಮಾತು ಹೇಳಾಕೆ ಏನಾಗಿತ್ತು?"

"ವಾಸಿ ಎಲ್ಲಿ ಆತು? ನಿನ್ನ ಮುಖಾನೂ ಮಸುಕೇ ಐತೆ. ಹೋದ ನೋಟ ಬರಲ್ಲ ಅಂತ ದೊಡ್ಡ ಕಣ್ಣಾಸ್ಪತ್ರೆಯಾಗೆ ಅಂದ್ರು. ಉಳಿದಿರೋ ನೋಟದಾಗೆ ಕೆಲಸ ಮಾಡಾಕೆ ಕಲಿಸಿದ್ರು. ಬಿಳಿ ಎಳೆ ಇದ್ರೆ ತೊಡೆ ಮೇಲೆ ಕರಿ ಬಟ್ಟೆ ಹಾಸ್ಕೊಂತೀನಿ. ಬೆಳಕು ಕೈಮೇಲೆ ಬೀಳಂಗೆ ದೀಪ ಇಟ್ಕೊಂತೀನಿ. ಈ ಕನ್ನಡಕದಾಗೆ ಸೆರಗು ಮೂಗಿನ ಹತ್ರಾನೇ ಹಿಡೀಬೇಕು. ಹೇಳಾಕೆ ಅಂತಾನೇ ಬಂದಿದ್ದೆ, ನೀನು ಮುಖ ತಿರುಗಿಸಿಕೊಂಡು ಒಳಗೆ ಹೋದೆ."

"ನೋಟ ಬರಲ್ಲ ಅಂದಮೇಲೆ ಆಸ್ಪತ್ರೆಗೆ ಯಾಕೆ ಹೋಗ್ಬೇಕು?"

"ಕೆಲಸ ಗೊತ್ತಿರೋ ಕೈ ಸುಮ್ನೆ ಕೂತೈತಲ್ಲ, ಅದಕ್ಕೆ. ನಾಳೆ ಹೊರಡು, ನಾನೂ ಬರ್ತೀನಿ."

ಇಬ್ಬರೂ ಆ ಕಣ್ಣಾಸ್ಪತ್ರೆಯಲ್ಲಿ ಉಳಿದ ನೋಟ ಬಳಸಲು ಕಲಿಸುವ ಕಡಿಮೆ ದೃಷ್ಟಿ ವಿಭಾಗಕ್ಕೆ ಹೋದರು. ಮಸರತ್‌ಗೆ ಕನ್ನಡಕ ಒಗ್ಗಲಿಲ್ಲ; ದೀಪವಿರುವ ಭೂತಗನ್ನಡಿ ಒಗ್ಗಿತು. ಮೊದಮೊದಲು ಕುಚ್ಚುಗಳನ್ನು ಬಿಚ್ಚಿ ಬಿಚ್ಚಿ ಕಟ್ಟಿದಳು, ಅತ್ತಳು, ಮತ್ತೆ ಕಟ್ಟಿದಳು. ಈಗ ಅವಳ ಮನೆಗೂ ಸೀರೆಗಳು ಬರುತ್ತಿವೆ. ಹೊಟ್ಟೆಯುರಿ ಹೋಯಿತೇ? ಎಲ್ಲಿಯ ಮಾತು! ಹೇಮಕ್ಕನ ಕುಚ್ಚು ತನ್ನದಕ್ಕಿಂತ ಒತ್ತಾಗಿದೆ ಎಂದು ಇವತ್ತಿಗೂ ಮುಖ ಊದಿಸುತ್ತಾಳೆ. ಆದರೆ ಈಗ ಸ್ವತಃ ಕಣ್ಣಾರೆ ನೋಡಿ ಊದಿಸುತ್ತಾಳೆ.

ಸಕ್ಕರೆ ಕಾಯಿಲೆ ಇರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಚಿಕಿತ್ಸೆಯ ನಂತರವೂ ಮಸುಕು ಉಳಿದರೆ ಕೈಚೆಲ್ಲಿ ಕೂರಬೇಡಿ. "ಕಡಿಮೆ ದೃಷ್ಟಿ ವಿಭಾಗ ಎಲ್ಲಿದೆ?" ಎಂದು ವಿಚಾರಿಸಿ. ನಿಮ್ಮ ಹಾಗೇ ಮಸುಕಾಗಿದ್ದವರು ಮತ್ತೆ ಕೆಲಸಕ್ಕೆ ಕೂತಿದ್ದು ಕಂಡು ಹೊಟ್ಟೆಕಿಚ್ಚಾದರೂ ಪರವಾಗಿಲ್ಲ, ಹೋಗಿ ಕೇಳಿ.