ಖಾಲಿ ಗೆಣ್ಣು

ಗುಂಯ್ ಅನ್ನುತ್ತಿದೆ ಗೋಡೆ, ನಮಾಜಿನ ಕೊನೆಗೆ ಬಲಕ್ಕೆ ಸಲಾಮ್ ಹೇಳುವಾಗಲೇ ಶುರುವಾಯಿತು, ಅಂದರೆ ಲಿಫ್ಟ್ ಬಿಟ್ಟೇಬಿಟ್ಟ ಹೋಟೆಲ್ ಮ್ಯಾನೇಜರ್, ನಮಾಜ್ ಮುಗಿಸಿ ಬಂದು ಇನ್ನೊಂದು ಸಲ ನೋಡ್ತೀನಿ ಸಾರ್ ಅಂದಿದ್ದೆ, ಹನ್ನೆರಡೂ ಬೋಲ್ಟ್ ಬಿಗಿ ಅಂತ ನೀನೇ ಹೇಳಿದೆಯಲ್ಲಪ್ಪಾ ಅಂದ, ಹೇಳಿದ್ದೆ ಹೌದು, ಇರಲಿ, ಈಗ ತಸ್ಬೀಹ್, ಸುಬ್ಹಾನಲ್ಲಾಹ್ ಮೂವತ್ಮೂರು ಸಲ, ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ, ಬೆರಳಿಗೆ ಮೂರು, ನಾಲ್ಕು ಬೆರಳಿಗೆ ಹನ್ನೆರಡು, ಅಕ್ಕ ಕಲಿಸಿದ್ದು, ಮಣಿಸರ ಆದ್ರೆ ಕಳೆದುಹೋಗುತ್ತೆ ಕಣೋ, ಬೆರಳು ಎಲ್ಲಿಗೆ ಹೋಗುತ್ತೆ — ಹೋಯಿತಲ್ಲಕ್ಕ, ಮೂರು ತಿಂಗಳ ಹಿಂದೆ, ಕಿರುಬೆರಳಿನ ತುದಿ, ಲಿಫ್ಟಿನ ಬಾಗಿಲಿಗೆ ಸಿಕ್ಕಿ, ಆಸ್ಪತ್ರೆಯಲ್ಲಿ ಅತ್ತೂ ಅತ್ತೂ ಕೊನೆಗೆ ಬೈದಳು, ಗೆಣ್ಣು ಹೋದ್ರೇನು, ಆ ಖಾಲಿ ಜಾಗದಲ್ಲೂ ಒಂದು ಸಲ ಹೇಳು, ಅಲ್ಲಾಹನಿಗೆ ಕೇಳಿಸುತ್ತೆ, ಹಾಗೇ ರೂಢಿಯಾಗಿದೆ, ಹತ್ತು, ಹನ್ನೊಂದು, ಹೆಬ್ಬೆರಳು ಗಾಳಿ ಮುಟ್ಟುತ್ತದೆ, ಹನ್ನೆರಡು. ಆಗ ಹಣೆ ನೆಲಕ್ಕಿಟ್ಟ ಸಜ್ದಾದಲ್ಲಿ ತೊಡೆಗೆ ಏನೋ ಚುಚ್ಚಿತು, ಬೀಗದ ಕೈ ಇರಬೇಕು.

ಈಗ ದುಆ, ಬೇಡಿಕೊಳ್ಳೋಕೆ ಕೈ ಎತ್ತಿದರೆ ಗ್ರೀಸ್ ವಾಸನೆ, ಎಷ್ಟು ಉಜ್ಜಿದರೂ ಹೋಗದ ಮುಂಡೇದು, ಅಲ್ಲಾಹುಮ್ಮ ಅಇನ್ನೀ ಅಲಾ ಝಿಕ್ರಿಕ, ನಿನ್ನ ನೆನೆಯೋಕೆ ನೆರವಾಗು, ವ ಶುಕ್ರಿಕ, ನಿನ್ನ ಉಪಕಾರ ಮರೆಯದಿರೋಕೆ, ವ ಹುಸ್ನಿ ಇಬಾದತಿಕ, ನಿನ್ನ ಆರಾಧನೆ ಚೆಂದ ಮಾಡೋಕೆ, ಚೆಂದ ಅಂದ್ರೆ ರಾಗ ಅಲ್ಲ ಕಣೋ, ಗಮನ, ಅನ್ನುತ್ತಾಳೆ ಅಕ್ಕ, ಇಲ್ಲೇ ಎಂಟನೇ ಮಹಡಿಯಲ್ಲಿ ಒಗೆಯೋ ಬಟ್ಟೆಯ ಗಾಡಿ ತಳ್ಳುವವಳು, ಲಿಫ್ಟ್ ಕೆಟ್ಟು ಎರಡು ವಾರ ಮೆಟ್ಟಿಲು ಹತ್ತಿ ಇಳಿದು ಮಂಡಿ ಊದಿಸಿಕೊಂಡವಳು, ನೀನು ರಿಪೇರಿ ಮಾಡಿದ ಲಿಫ್ಟ್ ಅಲ್ವಾ, ಮೊದಲು ಹತ್ತೋಳು ನಾನೇ — ನೆನಪು ಕೊಡು ಮಾಲೀಕ, ನೆನಪು ಕೊಡು, ಬೆಳಿಗ್ಗೆ ಲಿಫ್ಟಿನ ರಾಟೆಯ ಹಿಂದೆ ಕಣ್ಣು ಹೋಗದು, ಕೈಯೇ ಕಣ್ಣು, ಒಂದು ಬೋಲ್ಟ್ ಬಿಗಿ, ಪಾನಾ ಕೆಳಗೆ, ಒಂದು ಗೆಣ್ಣು, ಇನ್ನೊಂದು ಬಿಗಿ, ಇನ್ನೊಂದು ಗೆಣ್ಣು, ಹತ್ತು, ಹನ್ನೊಂದು, ಆಮೇಲೆ ಹೆಬ್ಬೆರಳು ತಾನಾಗಿಯೇ —

ಅಯ್ಯೋ. ಜೇಬಿಗೆ ಕೈ ಹಾಕುತ್ತೇನೆ, ಬೀಗದ ಕೈ ಅಲ್ಲ, ತಣ್ಣಗೆ, ದಪ್ಪಗೆ, ಹನ್ನೆರಡನೆಯ ಬೋಲ್ಟು, ಖಾಲಿ ಗೆಣ್ಣನ್ನು ಎಣಿಸಿ ಬಂದೆನಲ್ಲೋ ಪಾಪಿ, ಕೇಳಿದ್ದು ಕೊಟ್ಟೆ ಮಾಲೀಕ, ಇಷ್ಟು ಬೇಗ ಕೊಟ್ಟೆ, ಫೋನ್ ಎತ್ತಕ್ಕ ಎತ್ತು, ಹಾಂ ಹೇಳೋ, ಗಾಡಿ ಒಳಗೆ ತಳ್ಳಿದೆ, ಬಾಗಿಲು ಮುಚ್ತಾ ಇದೆ, ಅಕ್ಕಾ ಇಳಿ, ಇಳಿದುಬಿಡು, ಏನಂದೆ, ಕೇಳಿಸ್ತಿಲ್ಲ — ಕಟ್. ಬರಿಗಾಲಲ್ಲಿ ಓಡುತ್ತಿದ್ದೇನೆ, ಮೇನ್ ಸ್ವಿಚ್ ಮೇಲಿನ ಮಹಡಿಯಲ್ಲಿ, ಮ್ಯಾನೇಜರ್ ಬಾಗಿಲ ಪಕ್ಕ, ಸಾರ್ ಆಫ್ ಮಾಡಿ ಸಾರ್, ಯಾರಾದರೂ ಆಫ್ ಮಾಡ್ರೋ, ಹನ್ನೆರಡೇ ಮೆಟ್ಟಿಲು, ಹಾಳು ಹೆಬ್ಬೆರಳು ಎಣಿಸುತ್ತಲೇ ಇದೆ, ಒಂಬತ್ತು, ಹತ್ತು, ಹನ್ನೊಂದು, ಗುಂಯ್ ನಿಂತಿತು, ಸ್ವಿಚ್ ಇನ್ನೂ ಮುಟ್ಟಿಲ್ಲ, ನಿಂತಿತು, ಹೆಬ್ಬೆರಳು ಏನೂ ಇಲ್ಲದ ಆ ಜಾಗದ ಮೇಲೆ, ಏನೂ ಇಲ್ಲದ ಜಾಗ, ಏನೂ ಇಲ್ಲದ