ತಾರಸಿಯ ಮೇಲಿನ ಕಾಡು

ಊರ ಸುತ್ತಲಿನ ಮರಗಳು ಒಡಲೊಳಗೆ ಎಷ್ಟು ಇಂಗಾಲ ಅಡಗಿಸಿಕೊಂಡಿವೆ ಎಂದು ಉಪಗ್ರಹದ ಚಿತ್ರ ನೋಡಿ ಹೇಳುವುದು ಸೊಸೆಯ ಕೆಲಸ. ಎಲೆ ದಟ್ಟವಾಗಿದ್ದು ಎತ್ತರವೂ ಇದ್ದರೆ ಅಲ್ಲೊಂದು ಹೆಮ್ಮರವಿದೆ ಎಂದು ಕಂಪ್ಯೂಟರ್ ನಂಬುತ್ತದೆ. ಇಂಗಾಲ ಹೆಚ್ಚಾದಷ್ಟೂ ನಕ್ಷೆಯ ಬಣ್ಣ ಗಾಢ. ಆ ದಿನ ಬೆಟ್ಟದ ಮರಗಳನ್ನೆಲ್ಲ ಹಿಂದೆ ಹಾಕಿ, ಊರ ನಟ್ಟನಡುವೆ ಒಂದು ಚುಕ್ಕೆ ದೃಷ್ಟಿಬೊಟ್ಟಿನಂತೆ ಕಪ್ಪಗೆ ಕೂತಿತ್ತು. ಹಿಗ್ಗಿಸಿ ನೋಡಿದಳು. ಮೊದಲು ರಸ್ತೆಯ ತಿರುವಿನ ಗುರುತು ಸಿಕ್ಕಿತು. ಆಮೇಲೆ ಗೇಟು. ತನ್ನದೇ ಮನೆ.

ಎಲ್ಲ ಮಾವನ ಬಳ್ಳಿಯ ಮಹಿಮೆ. ಅಂಗಳದಲ್ಲಿ ಹುಟ್ಟಿ, ಮೂರು ಅಂತಸ್ತು ಹತ್ತಿ, ತಾರಸಿಯನ್ನು ಪೂರಾ ಹೊದ್ದುಕೊಂಡು ಮಲಗಿತ್ತು. ನಿವೃತ್ತಿಯಾದ ಮೇಲೆ ಮಾವನ ಮಾತನ್ನು ಎದುರಾಡದೆ ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ. ಬೆಳಗಾದರೆ ಮೇಲೆ ಹೋಗಿ ಕುರ್ಚಿ ಹಾಕಿಕೊಂಡು ಅದರ ಹತ್ತಿರ ಲೋಕದ ಸಮಾಚಾರವೆಲ್ಲ ಹೇಳಿಕೊಳ್ಳುತ್ತಿದ್ದರು. ಆದರೆ ಅದು ತಾರಸಿಯ ಬಿರುಕಿನಲ್ಲೂ ಬೇರು ಬಿಟ್ಟಿದ್ದರಿಂದ ಕೆಳಗೆ ಅತ್ತೆಯ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬಳ್ಳಿ ಕೀಳದೆ ಬಿರುಕು ಮುಚ್ಚುವಂತಿರಲಿಲ್ಲ. ಅತ್ತೆ ಗಾರೆಯವನಿಗೆ ಸೋಮವಾರ ಬರಲು ಹೇಳಿಯಾಗಿತ್ತು. ಮಾವ ಅನ್ನ ಮುಂದಿಟ್ಟುಕೊಂಡು ನಿಟ್ಟುಸಿರು ಬಿಡುವ ಹಂತಕ್ಕೆ ಬಂದಿದ್ದರು.

ಇಂಥ ಹೊತ್ತಿನಲ್ಲಿ ಸೊಸೆ ಊಟಕ್ಕೆ ಕೂತು, ನಾಲ್ಕು ಜನ ನಗಲಿ ಎಂದು ಚುಕ್ಕೆಯ ಕತೆ ಹೇಳಿದಳು. ಮಾವ ನಗಲಿಲ್ಲ. ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು.

"ಕೇಳಿಸ್ತೇನೇ? ಆಕಾಶದಿಂದ ನೋಡಿದವರೇ ಕಾಡು ಅಂತಿದಾರೆ. ಕಾಡು ಕಡಿಯೋಕೆ ಆಳು ಕರೆಸಿದೀಯಲ್ಲ ನೀನು."

"ಆಕಾಶಕ್ಕೇನ್ರೀ, ಅದರ ಹಾಸಿಗೆ ಒದ್ದೆ ಆಗುತ್ತಾ?" ಅಂದರು ಅತ್ತೆ.

ಮಾವ ಸುಮ್ಮನೆ ಕೂರುವ ಆಸಾಮಿಯಲ್ಲ. ಕ್ಷೌರದಂಗಡಿಯಿಂದ ಹಿಡಿದು ಔಷಧಿ ಅಂಗಡಿಯವರೆಗೆ ಸುದ್ದಿ ಹಬ್ಬಿಸಿ ಬಂದರು. ಅದು ಗಾರೆಯವನ ಕಿವಿಗೂ ಬಿತ್ತು. ಕಾಡು ಮುಟ್ಟಿ ಕೇಸು ಹಾಕಿಸಿಕೊಳ್ಳಲು ತನಗೇನು ಹುಚ್ಚೇ ಎಂದು ಅವನು ಫೋನಿನಲ್ಲೇ ಕೈ ಮುಗಿದ. ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಗೋಡೆಯನ್ನು ಕೇಳತೊಡಗಿದರು.

ಸೊಸೆಗೆ ಅತ್ತ ದರಿ, ಇತ್ತ ಪುಲಿ. ಚುಕ್ಕೆ ಸುಳ್ಳು ಎಂದು ಬರೆದರೆ ಮಾವನ ಬಳ್ಳಿ ಹೋಗುತ್ತದೆ. ಬಿಟ್ಟರೆ ಊರಿನ ನಕ್ಷೆಯೇ ಸುಳ್ಳಾಗುತ್ತದೆ. ಅವಳು ತೀರ್ಮಾನಿಸುವ ಮೊದಲೇ ಕಚೇರಿಯ ನಿಯಮ ತನ್ನ ಪಾಡಿಗೆ ಕೆಲಸ ಮಾಡಿತು: ಅತಿ ಗಾಢ ಚುಕ್ಕೆ ಇರುವಲ್ಲಿಗೆ ಅಳತೆಯವರು ಖುದ್ದಾಗಿ ಹೋಗಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ಟೇಪು ಸುತ್ತಿ ನೋಡಬೇಕು.

ಇಬ್ಬರು ಬಂದರು. ಸೊಸೆಯೂ ಜೊತೆಗಿದ್ದಳು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದವರನ್ನು ಎದುರುಗೊಳ್ಳುವಂತೆ ಗೇಟಿನಲ್ಲಿ ನಿಂತಿದ್ದರು. ಅಳತೆಯವರು ಕಾಂಡ ಹುಡುಕುತ್ತ ಮನೆಗೆ ಎರಡು ಪ್ರದಕ್ಷಿಣೆ ಹಾಕಿದರು. ಕೊನೆಗೆ ಸಿಕ್ಕಿದ್ದು ಹೆಬ್ಬೆರಳು ಗಾತ್ರದ್ದು. ಅದೂ ಎದೆಮಟ್ಟದಲ್ಲಿ ಮಳೆನೀರಿನ ಪೈಪನ್ನು ತಬ್ಬಿಕೊಂಡಿತ್ತು. ಪೈಪನ್ನೂ ಸೇರಿಸಿ ಅಳೆಯಿರಿ, ಅಷ್ಟು ವರ್ಷದ ಸಂಸಾರ ಎಂದು ಮಾವ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಇದರಲ್ಲಿ ಒಂದು ಮುರುಕು ಬೆಂಚಿನಷ್ಟೂ ಇಂಗಾಲವಿಲ್ಲ ಎಂದು ಹೇಳಿ ಟೇಪು ಸುತ್ತಿಟ್ಟರು.

ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅತ್ತೆ ಆಗಲೇ ಗಾರೆಯವನ ನಂಬರು ಒತ್ತುತ್ತಿದ್ದರು. ಮಾವನ ಇಳಿದ ಭುಜ ನೋಡಿ ಸೊಸೆಗೆ ಕರುಳು ಚುರುಕ್ ಎಂದಿತು, ಬುದ್ಧಿಯೂ ಚುರುಕಾಯಿತು.

"ಅತ್ತೆ, ಒಂದು ನಿಮಿಷ. ಕಾಡು ಯಾವುದು ಅಂತ ಕಲಿಸಿದ ಹಾಗೇ ಯಾವುದು ಕಾಡಲ್ಲ ಅಂತಾನೂ ಕಂಪ್ಯೂಟರಿಗೆ ಕಲಿಸಬೇಕು. ಮುಂದಿನ ವರ್ಷದ ಚಿತ್ರ ಬರೋವರೆಗೂ ಬಳ್ಳಿ ಹೀಗೇ ಇದ್ರೆ, ಕಂಪ್ಯೂಟರು ಪಾಠ ಕಲಿತಿದೆಯೋ ಇಲ್ವೋ ಅಂತ ಇಲ್ಲೇ ಗೊತ್ತಾಗುತ್ತೆ."

ಅಳತೆಯವರೂ ತಲೆದೂಗಿದರು. ಇಷ್ಟು ಅಚ್ಚುಕಟ್ಟಾಗಿ ಮೋಸ ಮಾಡಿದ ಹಸಿರನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು. ಆದರೆ 'ಕಾಡಲ್ಲ' ಎಂದು ದಾಖಲಿಸಲು ಮನೆಯ ಯಜಮಾನರ ಒಪ್ಪಿಗೆ ಬೇಕಿತ್ತು. ಊರೆಲ್ಲ ಕಾಡು ಎಂದು ಸಾರಿ ಬಂದ ಬಾಯಿ ಅದು. ಮಾವ ಒಮ್ಮೆ ಬೀದಿಯ ಕಡೆ ನೋಡಿದರು, ಒಮ್ಮೆ ತಲೆಯೆತ್ತಿ ಬಳ್ಳಿಯ ಕಡೆ. ಆಮೇಲೆ ಸಣ್ಣ ದನಿಯಲ್ಲಿ ಹೂಂ ಅಂದರು.

ಅತ್ತೆ ಫೋನು ಕೆಳಗಿಟ್ಟರು. "ಆಯ್ತು, ಒಂದು ವರ್ಷ ಇರ್ಲಿ. ಇವತ್ತಿಂದ ಆ ಮಂಚದಲ್ಲಿ ನೀವು ಮಲಗಿ, ನಿಮ್ಮದರಲ್ಲಿ ನಾನು."

ಮರುದಿನ ಬೆಳಗ್ಗೆ ಸೊಸೆ ಕಚೇರಿಗೆ ಹೊರಟಾಗ ಮಾವ ಕಾಂಪೌಂಡಿನ ಮೇಲೆ ದಿಂಬು ಒಣಗಹಾಕುತ್ತ, ಪಕ್ಕದ ಮನೆಯವರಿಗೆ ತಿಳಿಹೇಳುತ್ತಿದ್ದರು.

"ಕಾಡಿಗೇನು ಸ್ವಾಮಿ, ಬೆಟ್ಟದ ಮೇಲೆ ಬೇಕಾದಷ್ಟಿದೆ. ಕಾಡಲ್ಲ ಅಂತ ಅವರು ಆರಿಸಿರೋದು ಇಡೀ ಊರಲ್ಲಿ ನಮ್ಮದೊಂದನ್ನೇ."