ಮೊದಲ ವಾಕ್ಯದಲ್ಲೇ

ಕೆಟಲಿನ ಆವಿ ಕಿಟಕಿಯ ಗಾಜಿಗೆ ಬಡಿದು ಆಚೆಯ ಬಂದರು, ದೋಣಿಗಳು, ಕಡಲು ಎಲ್ಲ ಮಸುಕಾಗುತ್ತಿವೆ, ಒಳ್ಳೆಯದೇ ಆಯಿತು, ಅವಳಿಗೆ ಕಾಣುವುದು ಬೇಡ — ಕೂತ್ಕೋ ಥಿಯಾ, ಬ್ರೆಡ್ಡು ಈಗಷ್ಟೇ ಒಲೆಗೆ ಹೋಗಿದೆ, ಅನ್ನುತ್ತಾಳೆ ಇಡೆಲ್ಲಾ, ಕೈತುಂಬ ಹಿಟ್ಟು, ಮುಖದಲ್ಲಿ ನಗು, ಮಗ ಸತ್ತ ತಾಯಿ ಹೀಗೆ ನಗುವುದಿಲ್ಲ, ಅಂದರೆ ಇವಳಿಗೆ ಇನ್ನೂ ಗೊತ್ತಿಲ್ಲ. ಮನೆಯವರಿಗೆ ತಿಳಿಸಿಯಾಗಿದೆ, ಇನ್ನು ಹೆಸರು ಹಾಕಬಹುದು, ತಾಯಿಯ ಎರಡು ಮಾತು, ಒಂದು ಫೋಟೋ ತಗೊಂಡು ಬಾ, ಅಂದಿದ್ದ ಸಂಪಾದಕ ಹಾರ್ಲನ್. ಮನೆಯವರು ಅಂದರೆ ಕಾರ್ವಿನ್ನನನ್ನು ಬಿಟ್ಟುಹೋಗಿ ನಗರದಲ್ಲಿರುವ ಹೆಂಡತಿಯೇ ಇರಬೇಕು, ಬಂದರಿನ ಪಕ್ಕದಲ್ಲೇ ಇರುವ ತಾಯಿ ಯಾರ ನೆನಪಿಗೂ ಬಂದಿಲ್ಲ, ಯಾರಿಗೆ ತಿಳಿಸಿದ್ದು ಅಂತ ನಾನೂ ಕೇಳಲಿಲ್ಲ, ಕೇಳುವುದೇ ನನ್ನ ಕಸುಬು. ಬಾಗಿಲಲ್ಲಿ ನಾನು ಅಂದದ್ದು ಇಷ್ಟೇ, ಕಾರ್ವಿನ್ ಬಗ್ಗೆ ಬರೆಯಬೇಕಿತ್ತು. ಅಷ್ಟಕ್ಕೇ ಅವಳು, ಅಯ್ಯೋ, ಆ ಮೀನಿನ ಸುದ್ದಿ ನಿಮಗೆ ಈಗ ಮುಟ್ತಾ, ಬೇಸಿಗೇಲಿ ಹಿಡಿದದ್ದು, ಹಿಮ ಬೀಳೋ ಹೊತ್ತಿಗೆ ಬಂದ್ಯಾ, ನಿಮ್ಮ ಪೇಪರಿಗಿಂತ ನನ್ನ ಕೋಳಿಗಳೇ ವಾಸಿ ಅಂತ ಹೇಳು ಆ ಹಾರ್ಲನ್‌ಗೆ.

ನನ್ನ ಅಜ್ಜ ಬೆಳಗಿನ ಗಂಜಿಗೆ ಮುಂಚೆ ಬೈಬಲಿನ ಕೀರ್ತನೆ ಹೇಳುತ್ತಿದ್ದ, ಕಣ್ಣುಮುಚ್ಚಿ, ಬಾಯಿಪಾಠ, ಮೊದಲು ಗೋಳು, ಶತ್ರುಗಳು, ಕುತ್ತಿಗೆಯವರೆಗೆ ಏರಿದ ನೀರು, ಕಟ್ಟಕಡೆಗೆ ಕರುಣೆ, ಆ ಕಡೆಯ ಸಾಲಿಗಾಗಿ ಗಂಜಿ ಆರಿದರೂ ಕಾಯುತ್ತಿದ್ದೆ. ಹಾರ್ಲನ್ನನದು ತಲೆಕೆಳಗು, ಮುಖ್ಯವಾದದ್ದು ಮೊದಲು, ಹೆಣಾನ ಮೂರನೇ ಪ್ಯಾರಾದಲ್ಲಿ ಬಚ್ಚಿಡಬೇಡ ಕಣಮ್ಮ, ಸತ್ತ ಅಂದ್ರೆ ಸತ್ತ, ಕಣ್ಮರೆಯಾದ, ಕಡಲ ಮಡಿಲು ಸೇರಿದ, ಅದೆಲ್ಲ ಚರ್ಚಿಗೆ ಬಿಡು — ಇಷ್ಟು ವರ್ಷ ಅದನ್ನು ಕಲ್ಲೆದೆ ಅಂದುಕೊಂಡಿದ್ದೆ. ಫೋಟೋ ಬೇಕಲ್ಲ ನಿಂಗೆ, ಕೇಳುವ ಮೊದಲೇ ಇಡೆಲ್ಲಾ ಗೋಡೆಯಿಂದ ಇಳಿಸಿ ಕೈಗಿತ್ತಳು, ಹಗ್ಗದಲ್ಲಿ ಕಾರ್ವಿನ್ನನಿಗಿಂತ ಉದ್ದದ ಹಾಲಿಬಟ್ ಮೀನು, ಪಕ್ಕದಲ್ಲಿ ಅವನು, ಗಾಜಿನ ಮೇಲೆ, ಸರಿಯಾಗಿ ಅವನ ಮುಖದ ಮೇಲೆ, ಅವಳ ಹೆಬ್ಬೆರಳಿನ ಹಿಟ್ಟು. ಮೊದಲ ಪುಟದಲ್ಲಿ ಹಾಕಿಸು ಮಗಳೇ, ಬೇಕಿದ್ರೆ ಅವನ ಕಾಲು ಕತ್ತರಿಸಿ, ಮೀನಿಗೆ ಮಾತ್ರ ಕತ್ತರಿ ಹಾಕ್ಬೇಡಿ. ಮೊದಲ ಪುಟದಲ್ಲೇ, ಹೌದು. ಎದ್ದು ಹೋಗಬಹುದು, ಪಾದ್ರಿಗಳನ್ನು ಕಳಿಸಬಹುದು, ಅವರಿಗೆ ಹೇಳಲು ಬರುತ್ತದೆ — ಆದರೆ ಒಲೆಯ ಪಕ್ಕದಲ್ಲಿ ರೇಡಿಯೋ, ಅವಳ ಕೈ ಅತ್ತ ಹೋಗುತ್ತಿದೆ, ತಾಳು, ಕಡಲಲ್ಲಿ ಗಾಳಿ ಹೇಗಿದೆ ಕೇಳೋಣ, ಅವನು ಬೆಳಿಗ್ಗೇನೇ ಹೋಗಿದ್ದಾನೆ. ಗಾಳಿಯ ಸುದ್ದಿಯ ಬೆನ್ನಿಗೇ ಅವನ ಹೆಸರೂ ಬಂದೀತು. ಅಜ್ಜನಂತೆ ಗಾಳಿಯಿಂದ, ಅಲೆಯಿಂದ ಶುರು ಮಾಡಿದರೆ ಒಂದೊಂದು ಪದಕ್ಕೂ ಅವಳು ಒಂದೊಂದು ಆಸೆ ಕಟ್ಟಿಕೊಳ್ಳುತ್ತಾಳೆ, ಒಂದೊಂದನ್ನೂ ನಾನೇ ಮುರಿಯಬೇಕು, ದೇವರೇ, ನಾಲಿಗೆ ಕೊಡು — ಇಡೆಲ್ಲಾ, ಕಾರ್ವಿನ್ ಸತ್ತುಹೋದ, ಇವತ್ತು ಬೆಳಿಗ್ಗೆ, ದೋಣಿ ಮಗುಚಿತು, ದೇಹ ಸಿಕ್ಕಿದೆ. ದನಿ ನನ್ನದು, ವಾಕ್ಯ ಹಾರ್ಲನ್ನನದು. ಅವಳು ರೇಡಿಯೋ ಮುಟ್ಟಲಿಲ್ಲ, ಕೂರಲಿಲ್ಲ, ನನ್ನ ಕೈಯಿಂದ ಫೋಟೋ ಹಿಂದಕ್ಕೆ ತೆಗೆದುಕೊಂಡಳು, ಏಪ್ರನ್ನಿನ ಅಂಚಿನಿಂದ ಒರೆಸುತ್ತಾಳೆ, ಏಪ್ರನ್ನಿಗೂ ಹಿಟ್ಟು, ಒರೆಸಿದಷ್ಟೂ ಹರಡುತ್ತದೆ, ಮೀನು ಕಾಣುತ್ತದೆ, ಹಗ್ಗ ಕಾಣುತ್ತದೆ, ಮುಖದ ಮೇಲೆ ಹಿಟ್ಟು, ಒರೆಸುತ್ತಾಳೆ, ಹಿಟ್ಟು